ಬಂಬೂ ಬಿರಿಯಾನಿಯ ಬಿದಿರು ಯಾರದ್ದು?

ಮೈಸೂರು ದಸರಾ ಆಹಾರ ಮೇಳದ ರೀಲ್ಸ್ ನೋಡಿರೋರಿಗೆಲ್ಲ ಈ ದೃಶ್ಯ ಗೊತ್ತಿರುತ್ತೆ. ಕೆಂಡದ ಮೇಲೆ ಸಾಲಾಗಿ ಒರಗಿಸಿಟ್ಟ ಹಸಿ ಬಿದಿರು, ಅದರ ಬಾಯಿಗೆ ತುರುಕಿದ ಎಲೆ. ಬೆಂದ ಮೇಲೆ ತೆಗೆದು ಸುರಿದರೆ ಹಬೆಯಾಡೋ ಬಿರಿಯಾನಿ. ಹಿಂದುಗಡೆ ಮೈದಾನದ ಗೇಟಿನ ತನಕ ಕ್ಯೂ. ರುಚಿ ಹೇಗೆ ಅಂತ ಮೊದಲೇ ಹೇಳಿಬಿಡ್ತೀನಿ: ಚೆನ್ನಾಗಿರುತ್ತೆ. ಬಿದಿರಿನ ತೇವವೇ ಹಬೆಯಾಗಿ ಬೇಯೋದರಿಂದ ಅಕ್ಕಿಗೆ ಒಂಥರಾ ಹಸಿರು ಘಮ ಹತ್ತಿರುತ್ತೆ.

ದಸರಾದಲ್ಲಿ ಮಳಿಗೆ ಹಾಕಿ ಮಾರೋದು ಹೊಸದೇನಲ್ಲ. 1610ರಲ್ಲಿ ರಾಜ ಒಡೆಯರ್ ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದರು. 1880ರಲ್ಲಿ ಹತ್ತನೇ ಚಾಮರಾಜ ಒಡೆಯರ್ ಕಾಲಕ್ಕೆ ವಸ್ತುಪ್ರದರ್ಶನ ಬಂತು. ಅಲ್ಲಿ ನಮ್ಮ ಅಜ್ಜಂದಿರು ತಿಂದ ದೆಹಲಿ ಹಪ್ಪಳವೇ ಒಂದು ಬೇರೆ ಎಪಿಸೋಡ್. ಅರಮನೆ ಅಡುಗೆಮನೆಯಿಂದ ಹೊರಬಂದ ಮೈಸೂರ್ ಪಾಕ್ ಮಾಡಿದವರು ಕಾಕಾಸುರ ಮಾದಪ್ಪ ಅಂತ ಇವತ್ತಿಗೂ ಹೆಸರು ಹೇಳ್ತೀವಿ. ಬಂಬೂ ಬಿರಿಯಾನಿ ಮಾಡೋರನ್ನ ಏನಂತ ಕರೀತೀವಿ? ‘ಆದಿವಾಸಿಗಳು’. ಒಂದೇ ಪದದಲ್ಲಿ ಮುಗೀತು.

ಅವರು ಎಲ್ಲಿಂದಲೋ ಬಂದವರಲ್ಲ. ಹೆಗ್ಗಡದೇವನಕೋಟೆ, ಹುಣಸೂರು, ನಮ್ಮ ಪಿರಿಯಾಪಟ್ಟಣದ ಹಾಡಿಗಳ ಜೇನುಕುರುಬರು, ಬೆಟ್ಟಕುರುಬರು. ಕರ್ನಾಟಕದಲ್ಲಿ ಕೇಂದ್ರ ಸರ್ಕಾರ ‘ವಿಶೇಷವಾಗಿ ದುರ್ಬಲ ಬುಡಕಟ್ಟು’ ಅಂತ ಗುರುತಿಸಿರೋದು ಎರಡೇ ಸಮುದಾಯ: ಜೇನುಕುರುಬರು ಮತ್ತು ಕೊರಗರು. ರಾವಂದೂರಿನ ಕಡೆ ಹುಟ್ಟಿದ ನಮಗೆ ಇವರು ಹೊಗೆಸೊಪ್ಪಿನ ಹೊಲದಲ್ಲಿ, ಕೊಡಗಿನ ತೋಟಕ್ಕೆ ಹೋಗೋ ಜೀಪಿನಲ್ಲಿ ಕೂಲಿಗಳಾಗಿ ಕಂಡವರು. ಅಡುಗೆಯವರಾಗಿ ನೋಡೋಕೆ ನಾವೇ ಮೈಸೂರಿಗೆ ಹೋಗಬೇಕಾಯ್ತು.

ಬಿರಿಯಾನಿ ಅವರ ಹಳೇ ಊಟ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. ಅಕ್ಕಿ, ಮಸಾಲೆ, ಬಾಯ್ಲರ್ ಕೋಳಿ ಎಲ್ಲಾ ಪೇಟೆಯದ್ದು. ಕಾಡಿನದು ಅಂದ್ರೆ ಪಕ್ಕದಲ್ಲಿರೋ ಸಣ್ಣ ಪಾತ್ರೆಗಳು: ಏಡಿ ಸಾರು, ಕಾಡುಗೆಣಸು, ಜೇನುತುಪ್ಪ, ಮಾಕಳಿ ಬೇರಿನ ಟೀ. ಮಳೆಗಾಲವಾದ್ರೆ ಕಳಲೆ. ಬಿದಿರಕ್ಕಿ ಪಾಯಸದ ಕತೆಯಂತೂ ಇನ್ನೂ ದೊಡ್ಡದು. ಬಿದಿರು ನಲವತ್ತು-ಐವತ್ತು ವರ್ಷಕ್ಕೊಮ್ಮೆ ಹೂಬಿಟ್ಟು, ಅಕ್ಕಿ ಉದುರಿಸಿ, ಇಡೀ ಮೆಳೆಯೇ ಸಾಯುತ್ತೆ. ನಾಗರಹೊಳೆ ಕಡೆ 2010ರ ದಶಕದ ಶುರುವಿನಲ್ಲಿ ಹಾಗಾಯ್ತು. ಹಿಂದಿನವರು ಅದನ್ನ ಬರಗಾಲದ ಸೂಚನೆ ಅಂತಿದ್ದರು. ಮೇಳದಲ್ಲಿ ಅದೇ ಅಕ್ಕಿ ಸಿಹಿ ತಿಂಡಿ. ಕ್ಯೂ ಇರೋದು ಮಾತ್ರ ಬಿರಿಯಾನಿಗೆ!

ಈಗ ಆ ಬಿದಿರಿನ ಕೊಳವೆಗೆ ಬರ್ತೀನಿ. ಬಿ.ಕಾಂ. ಓದಿದವನು ನಾನು, ಕಚ್ಚಾ ಮಾಲು ಯಾರ ಖಾತೆಯಲ್ಲಿದೆ ಅಂತ ಮೊದಲು ನೋಡೋ ಚಟ. 1927ರ ಅರಣ್ಯ ಕಾಯ್ದೆ ಹುಲ್ಲಿನ ಜಾತಿಯ ಬಿದಿರನ್ನ ‘ಮರ’ ಅಂತ ಬರೆದುಕೊಂಡಿತು. ಮರ ಅಂದ್ಮೇಲೆ ಅದಕ್ಕೆ ಯಜಮಾನ ಅರಣ್ಯ ಇಲಾಖೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಾಗರಹೊಳೆ ಒಳಗಿದ್ದ ಹಾಡಿಗಳು ಒಂದೊಂದಾಗಿ ಹೊರಗೆ ಬಂದವು. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು ಇನ್ನಷ್ಟು ಜನರನ್ನ ಎಬ್ಬಿಸಿತು. ಹಾಗಂತ ಬಿದಿರು ಎಲ್ಲರಿಗೂ ಬೇಲಿಯ ಆಚೆ ಇರಲಿಲ್ಲ. 1958ರ ಸುಮಾರಿಗೆ ದಾಂಡೇಲಿಯ ಕಾಗದ ಕಾರ್ಖಾನೆಗೆ ಅದು ಟನ್ನಿಗೆ ಒಂದೂವರೆ ರೂಪಾಯಿಗೆ ಸಿಕ್ಕಿತ್ತು ಅಂತ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಬರೆದಿದ್ದಾರೆ. ಟನ್ನಿಗೆ! ಬುಟ್ಟಿ ಹೆಣೆಯೋರಿಗೆ ಆ ರೇಟು ಇರಲಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಲೆಕ್ಕ ತಿರುಗಿಸಿತು. ಬಿದಿರು, ಜೇನು, ಮೇಣ, ಬೇರು, ಗೆಡ್ಡೆ ಎಲ್ಲವನ್ನೂ ಕಿರು ಅರಣ್ಯ ಉತ್ಪನ್ನ ಅಂತ ಹೆಸರಿಸಿ, ತಲೆತಲಾಂತರದಿಂದ ಸಂಗ್ರಹಿಸ್ತಾ ಬಂದವರಿಗೆ ಅದರ ಮೇಲೆ ಒಡೆತನ ಇದೆ, ಮಾರೋ ಹಕ್ಕೂ ಇದೆ ಅಂತ ಬರೆಯಿತು. ಆದರೆ ಹಕ್ಕು ಚಲಾಯಿಸೋಕೆ ಅರ್ಜಿ, ಗ್ರಾಮಸಭೆ, ಉಪವಿಭಾಗ ಮಟ್ಟದ ಸಮಿತಿ, ಜಿಲ್ಲಾ ಸಮಿತಿ, ಆಮೇಲೆ ಹಕ್ಕುಪತ್ರ. ಹಾಡಿ ಬಿಟ್ಟು ಬಂದವರ ಅರ್ಜಿ ಎಲ್ಲಿ ನಿಲ್ಲುತ್ತೆ ಅಂತ ನೀವೇ ಊಹಿಸಿ. 2017ರ ತಿದ್ದುಪಡಿಯಲ್ಲಿ ಬಿದಿರು ‘ಮರ’ದ ಪಟ್ಟಿಯಿಂದ ಹೊರಬಂತು, ಆದರೆ ಕಾಡಿನ ಹೊರಗೆ ಬೆಳೆದದ್ದು ಮಾತ್ರ. ಅಂದರೆ ಹೊಲದ ಬದುವಿನಲ್ಲಿ ಬಿದಿರು ಹಾಕಿದ ನಮ್ಮೂರಿನ ರೈತನಿಗೆ ದಾರಿ ಸಲೀಸಾಯ್ತು. ಅದನ್ನ ಹಚ್ಚೋಕೆ ತುಂಡು ಹೊಲವೂ ಇಲ್ಲದ ಹಾಡಿಯವರಿಗೆ ಏನೂ ಬದಲಾಗಲಿಲ್ಲ.

ಇದನ್ನೆಲ್ಲ ಹೇಳಿ ನಿಮ್ಮ ಪ್ಲೇಟ್ ಕಿತ್ಕೊಳ್ಳೋ ಉದ್ದೇಶ ನನಗಿಲ್ಲ. ಮೇಳದ ದಿನಗಳಲ್ಲಿ ಆ ಮಳಿಗೆಯವರ ಕೈಗೆ ಕೂಲಿಯಲ್ಲದ ದುಡ್ಡು ಬರುತ್ತೆ, ಅದು ಸಣ್ಣ ಮಾತಲ್ಲ. ನಮ್ಮ ಕಡೆ ಹೊಗೆಸೊಪ್ಪಿನ ಹರಾಜಿನಲ್ಲಿ ಬೆಲೆ ಕೂಗೋನು ಬೇರೆ, ಬೆಳೆದೋನು ಬೇರೆ. ಇಲ್ಲಿ ಮಾಡಿದೋರೇ ಬಡಿಸಿ ಕಾಸು ಎಣಿಸ್ತಾರೆ. ಆದರೆ ದಸರಾ ಮುಗಿದ ಮಾರನೇ ವಾರ ಅದೇ ಕೈ ಕಾಡಿಂದ ಒಂದು ಬಿದಿರು ಕಡಿದು ತಂದರೆ, ಚೆಕ್‌ಪೋಸ್ಟಿನಲ್ಲಿ ಮೊದಲು ಕೇಳೋದು ಪರ್ಮಿಟ್.

ಮುಂದಿನ ಸಂಚಿಕೆಯಲ್ಲಿ ದೆಹಲಿ ಹಪ್ಪಳ. ಅಲ್ಲಿವರೆಗೆ, ಮೇಳಕ್ಕೆ ಹೋದರೆ ಕ್ಯೂ ಬಿಟ್ಟು ಆ ಏಡಿ ಸಾರಿನ ಪಾತ್ರೆ ಹತ್ತಿರ ಹೋಗಿ. ಖಾರ ಜಾಸ್ತಿ, ನೀರು ಇಟ್ಕೊಳ್ಳಿ.