ಬೆನ್ನು ಮಾಡಿ ನಿಂತ ನಾಯಕಿ

1898ರ ಬರ್ಲಿನ್ ಕಲಾಪ್ರದರ್ಶನದಲ್ಲಿ ಕೇಥೆ ಕೋಲ್ವಿಟ್ಸ್ ಅವರ ನೇಕಾರರ ದಂಗೆಯ ಚಿತ್ರಗಳಿಗೆ ತೀರ್ಪುಗಾರರು ಪದಕವನ್ನು ಸೂಚಿಸಿದರು. ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಅದನ್ನು ನಿರಾಕರಿಸಿದನು. ಕಲಾವಿದೆ ಹಿಂಜರಿಯಲಿಲ್ಲ, ಇನ್ನೂ ಹಿಂದಿನ ದಂಗೆಯೊಂದರತ್ತ ತಿರುಗಿದರು.

1524-25ರ ಜರ್ಮನ್ ರೈತಯುದ್ಧದ ಚರಿತ್ರೆಯನ್ನು ಬರೆದ ವಿಲ್ಹೆಲ್ಮ್ ಸಿಮ್ಮರ್‌ಮನ್, ರೈತರನ್ನು ಹುರಿದುಂಬಿಸಿದ ‘ಕಪ್ಪು ಅನ್ನಾ’ ಎಂಬ ಹೆಣ್ಣನ್ನು ಅದರಲ್ಲಿ ಸ್ಮರಿಸಿದ್ದರು. ಆ ಗ್ರಂಥದ ಪ್ರೇರಣೆಯಿಂದ 1908ರ ವೇಳೆಗೆ ಏಳು ಮುದ್ರಣಚಿತ್ರಗಳ ‘ರೈತಯುದ್ಧ’ ಮಾಲಿಕೆ ಸಿದ್ಧವಾಯಿತು. ಅದರ ಒಂದು ಚಿತ್ರದಲ್ಲಿ ಅನ್ನಾ ಎರಡೂ ಕೈಗಳನ್ನು ಮೇಲೆತ್ತಿ ನಿಂತಿದ್ದಾಳೆ. ಆಯುಧ ಹಿಡಿದ ರೈತರು ಅವಳ ಮುಂದೆ ನುಗ್ಗುತ್ತಿದ್ದಾರೆ.

ಅವಳ ಮುಖ ಮಾತ್ರ ಕಾಣುವುದಿಲ್ಲ. ಚರಿತ್ರೆ ಉಳಿಸದ ಮುಖವನ್ನು ಕೋಲ್ವಿಟ್ಸ್ ಕಲ್ಪಿಸಿ ಕೊಡಲಿಲ್ಲ. ನೋಡುಗರನ್ನು ಅವಳ ಬೆನ್ನ ಹಿಂದೆ ನಿಲ್ಲಿಸಿ, ಅವಳು ಕಂಡ ಜನಪ್ರವಾಹವನ್ನೇ ಕಾಣಿಸಿದರು. ದಂಗೆಯ ಅಂಚಿನಲ್ಲಿದ್ದ ಹೆಣ್ಣು ಹೀಗೆ ಅದರ ಕೇಂದ್ರವಾದಳು.