ಬೀಸೋ ಕಲ್ಲಿನಿಂದ ಬೆಲ್ಟಿನವರೆಗೆ: ಮಿಲ್ಲನ್ನು ಜೋಡಿಸಿ ಬಿಡಿಸಿದ ಕಥೆ



ನಮ್ಮ ಸಂಘದ ರಜತ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ ಮೊದಲು ಹಿಂದೇಟು ಹಾಕಿದೆ. ಸಾಲ, ಷೇರು, ಲಾಭಾಂಶದ ವಿಷಯ ಅಧ್ಯಕ್ಷರು ಬರೆಯುತ್ತಾರೆ. ಸಂಘ ಹುಟ್ಟಿದ ಕಥೆ ಹಿರಿಯರು ಬರೆಯುತ್ತಾರೆ. ಇನ್ನು ನನಗೆ ಉಳಿದಿದ್ದು ಆಡಳಿತ ಮಂಡಳಿ ನನ್ನ ಉಸ್ತುವಾರಿಗೆ ಬಿಟ್ಟಿರುವ ಹಿಟ್ಟಿನ ಮಿಲ್ಲು ಒಂದೇ. ಅದನ್ನೇ ಹಿಡಿದುಕೊಂಡು ನಾಲ್ಕು ಮಾತು ಬರೆಯುತ್ತೇನೆ.

ಮಿಲ್ಲಿಗೆ ರಾಗಿ ಹೊತ್ತು ತರುವ ಹೆಣ್ಣುಮಕ್ಕಳು ಆಗಾಗ ಒಂದು ಪ್ರಶ್ನೆ ಕೇಳುತ್ತಾರೆ. "ಅಣ್ಣಾ, ಮೋಟ್ರು ಓಡ್ತಾನೇ ಐತೆ, ಕಲ್ಲು ಮಾತ್ರ ನಿಂತೈತಲ್ಲ, ಕೆಟ್ಟೋಯ್ತಾ?" ಕೆಟ್ಟಿಲ್ಲ. ನಮ್ಮಲ್ಲಿ ಒಂದೇ ಮೋಟಾರಿಗೆ ರಾಗಿ ಕಲ್ಲೂ ಇದೆ, ಖಾರದ ಪುಡಿ ಯಂತ್ರವೂ ಇದೆ. ಒಂದು ಓಡುವಾಗ ಇನ್ನೊಂದನ್ನು ಬಿಡಿಸಿ ಇಡಬೇಕು. ಓಡುತ್ತಿರುವ ಬಲದಿಂದ ಒಂದು ಯಂತ್ರವನ್ನು ಬಿಡಿಸುವುದು, ಮತ್ತೆ ಜೋಡಿಸುವುದು ಕೇಳುವುದಕ್ಕೆ ಸುಲಭ. ಆದರೆ ಮಿಲ್ಲುಗಳಲ್ಲಿ ಬೆರಳು ಹೋಗಿರುವುದು, ಕೈ ಹೋಗಿರುವುದು ಹೆಚ್ಚಾಗಿ ಈ ಜೋಡಿಸಿ ಬಿಡಿಸುವ ಗಳಿಗೆಯಲ್ಲೇ. ಯಂತ್ರ ಜೋರಾಗಿ ಓಡುತ್ತಿರುವಾಗ ಯಾರೂ ಅದರೊಳಗೆ ಕೈ ಇಡುವುದಿಲ್ಲ. ನಿಂತಿದೆ ಎಂದುಕೊಂಡಾಗ ಇಡುತ್ತಾರೆ.

ನಮ್ಮ ಅಜ್ಜಿಯರ ಬೀಸೋ ಕಲ್ಲಿಗೆ ಈ ತಾಪತ್ರಯ ಇರಲಿಲ್ಲ. ಗೂಟ ಬಿಟ್ಟರೆ ಕಲ್ಲು ನಿಂತಿತು. ಎಣ್ಣೆ ಗಾಣವೂ ಅಷ್ಟೇ. ಗಾಣಕ್ಕೆ ಹಾಕಿದ ತೆರಿಗೆ 'ಗಾಣದೆರೆ' ನಮ್ಮ ಹಳೇ ಶಾಸನಗಳಲ್ಲಿ ಬರುತ್ತದೆ ಎಂದರೆ ಗಾಣ ಎಷ್ಟು ಹಳೆಯದು ನೋಡಿ. ಅದರಲ್ಲಿ ಬಲ ಎಂದರೆ ಎತ್ತು. "ಹೋ" ಎಂದರೆ ಎತ್ತು ನಿಲ್ಲುತ್ತದೆ, ಗಾಣವೂ ನಿಲ್ಲುತ್ತದೆ. ಎತ್ತಿಗೂ ಕಣ್ಣು ಕಿವಿ ಇದೆ, ಮನುಷ್ಯ ಕಿರುಚಿಕೊಂಡರೆ ಬೆದರಿಯಾದರೂ ನಿಲ್ಲುತ್ತದೆ.

ಬಲ ಒಂದು ಕಡೆ, ಕೆಲಸ ಇನ್ನೊಂದು ಕಡೆ ಆದಾಗ ನಡುವೆ ಹಲ್ಲಿನ ಚಕ್ರ ಬಂತು. ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲೇ ರೋಮಿನ ವಿಟ್ರೂವಿಯಸ್ ಎಂಬ ಶಿಲ್ಪಿ ನೀರಿನ ಮಿಲ್ಲನ್ನು ವಿವರಿಸಿದ್ದಾನೆ. ನಿಂತ ನೀರುಚಕ್ರದ ಹಲ್ಲು, ಮಲಗಿದ ಚಕ್ರದ ಹಲ್ಲಿಗೆ ಕಚ್ಚಿಕೊಂಡು ಕಲ್ಲನ್ನು ತಿರುಗಿಸುತ್ತದೆ. ಮುಂದೆ ಯುರೋಪಿನಲ್ಲಿ ಒಂದೇ ನೀರುಚಕ್ರಕ್ಕೆ ಎರಡು ಮೂರು ಕಲ್ಲು ಕಟ್ಟಿದರು. ಆಗ ಒಂದು ಕಲ್ಲನ್ನು ಮಾತ್ರ ಬಿಡಿಸುವುದು ಹೇಗೆ? ಕಲ್ಲಿನ ಕೆಳಗಿನ ಚಿಕ್ಕ ಹಲ್ಲುಚಕ್ರವನ್ನು ತಿರುಪಿನಿಂದ ಮೇಲಕ್ಕೆ ಎತ್ತಿ ದೊಡ್ಡ ಚಕ್ರದ ಕಚ್ಚಿನಿಂದ ತಪ್ಪಿಸುತ್ತಿದ್ದರು. ಆದರೆ ಮೊದಲು ತೂಬು ಮುಚ್ಚಿ, ನೀರುಚಕ್ರ ಪೂರ್ತಿ ನಿಂತ ಮೇಲೆ ಮಾತ್ರ. ಮತ್ತೆ ಇಳಿಸುವಾಗಲೂ ಕೈಯಲ್ಲಿ ಕಲ್ಲನ್ನು ಸ್ವಲ್ಪ ತಿರುಗಿಸಿ, ಹಲ್ಲಿಗೆ ಹಲ್ಲಿನ ಸಂದು ಸರಿಯಾಗಿ ಕೂತ ಮೇಲೆ ನೀರು ಬಿಡಬೇಕು. ಓಡುವ ಚಕ್ರಕ್ಕೆ ನಿಂತ ಚಕ್ರವನ್ನು ತಾಗಿಸಿದರೆ ಹಲ್ಲು ಮುರಿಯುತ್ತದೆ. ಆ ಕಾಲದ ಬಡಗಿಗಳು ಒಂದು ಜಾಣತನ ಮಾಡಿದ್ದರು. ಎರಡು ಚಕ್ರಗಳಲ್ಲಿ ಒಂದಕ್ಕೆ ಗಟ್ಟಿ ಮರದ ಹಲ್ಲು ಕೂರಿಸುತ್ತಿದ್ದರು. ಏನಾದರೂ ಸಿಕ್ಕಿಕೊಂಡರೆ ಮರದ ಹಲ್ಲು ಮುರಿಯಲಿ, ದಂಡ ಉಳಿಯಲಿ ಅಂತ. ಹಲ್ಲು ಬಡಗಿಯೇ ಮತ್ತೆ ಕೆತ್ತಿ ಹಾಕುತ್ತಿದ್ದ.

ಹಲ್ಲುಚಕ್ರಕ್ಕೆ ಇನ್ನೊಂದು ಗುಣ ಇದೆ, ಹಿಂದಕ್ಕೂ ಎಳೆಯುತ್ತದೆ. ಉತ್ತರ ಹಿಂದೂಸ್ತಾನದ ರಹಟ್ ಬಾವಿಯಲ್ಲಿ ಎತ್ತನ್ನು ಬಿಚ್ಚಿದರೆ ತುಂಬಿದ ಕುಡಿಕೆಗಳ ಭಾರಕ್ಕೆ ಇಡೀ ಚಕ್ರ ಹಿಂದಕ್ಕೆ ಸುತ್ತಿ, ಎತ್ತಿನ ತೊಲೆ ಅಡ್ಡ ಬಂದವನನ್ನು ಬಡಿದು ಹಾಕುತ್ತದೆ. ಅದಕ್ಕೇ ಅಲ್ಲಿ ಒಂದು ಮರದ ನಾಲಿಗೆ ಇಟ್ಟಿರುತ್ತಾರೆ. ಚಕ್ರ ಮುಂದಕ್ಕೆ ಹೋಗುವಾಗ ಟಕ್ ಟಕ್ ಎಂದು ಜಾರುತ್ತದೆ, ಹಿಂದಕ್ಕೆ ಬಂದರೆ ಹಿಡಿಯುತ್ತದೆ. ನಮ್ಮ ಕಡೆ ಕಪಿಲೆಯಲ್ಲಿ ಹಲ್ಲೇ ಇರಲಿಲ್ಲ, ಬರೀ ಹಗ್ಗ ರಾಟೆ.

ನಮ್ಮ ರೈತರಿಗೆ ಕಬ್ಬಿಣದ ಹಲ್ಲು ಹತ್ತಿರ ಬಂದದ್ದು ಕಬ್ಬಿನ ಗಾಣದಲ್ಲಿ. 1870ರ ದಶಕದಲ್ಲಿ ಬಿಹಾರದ ಬಿಹಿಯಾ ಎಂಬಲ್ಲಿ ಥಾಮ್ಸನ್ ಮತ್ತು ಮಿಲ್ನೆ ಎಂಬ ಇಬ್ಬರು ದೊರೆಗಳು ಕಬ್ಬಿಣದ ಉರುಳೆಗಳ ಗಾಣ ಮಾಡಿದರು. ಗಾಡಿಯಲ್ಲಿ ಹೊತ್ತೊಯ್ಯಬಹುದಾದ ಗಾಣ, ಬಾಡಿಗೆಗೂ ಕೊಡುತ್ತಿದ್ದರು. ಮರದ ಮತ್ತು ಕಲ್ಲಿನ ಗಾಣಗಳು ಹಿಂದೆ ಬಿದ್ದವು. ಎತ್ತು ಎಳೆಯುವವರೆಗೂ ಪರವಾಗಿಲ್ಲ. ಅದೇ ಬಗೆಯ ಗಾಣಕ್ಕೆ ಆಯಿಲ್ ಎಂಜಿನ್ ಕಟ್ಟಿದ ಮೇಲೆ ಕಥೆ ಬೇರೆಯಾಯಿತು. ಎಂಜಿನ್ನಿಗೆ ಕಿವಿ ಇಲ್ಲ. ಪೆಟ್ಟಿಗೆ ಮುಚ್ಚಿ ಎಣ್ಣೆ ನಿಲ್ಲಿಸಿದರೂ ಅದರ ದೊಡ್ಡ ಫ್ಲೈವೀಲು ಇನ್ನಷ್ಟು ಸುತ್ತು ಸುತ್ತಿಯೇ ನಿಲ್ಲುವುದು.

ಇಲ್ಲಿ ನಮ್ಮ ಮನೆಯ ಒಂದು ವಿಷಯ ಹೇಳಬೇಕು. ನಮ್ಮ ತಾಯಿಯ ತವರು ಮಂಡ್ಯದ ಕಡೆ. ಅಲ್ಲಿ ಒಂದು ಆಲೆಮನೆಯಲ್ಲಿ ನಮ್ಮ ಸೋದರಮಾವ ಗಾಣಕ್ಕೆ ಕಬ್ಬು ಕೊಡುತ್ತಿದ್ದರು. 1991ರ ಸಂಕ್ರಾಂತಿ ರಜಕ್ಕೆ ನಾನು ಅಲ್ಲಿಗೆ ಹೋಗಿದ್ದೆ, ಹತ್ತು ವರ್ಷದ ಹುಡುಗ. ಹಾಲು ಕುಡಿಯುವ ಆಸೆಗೆ ಗಾಣದ ಹತ್ತಿರವೇ ನಿಂತಿದ್ದೆ. ಕಬ್ಬಿನ ಸಿಪ್ಪೆ ಹಲ್ಲುಚಕ್ರಕ್ಕೆ ಸುತ್ತಿಕೊಂಡಿತು. ಮಾವ ಒಂದು ಬಿದಿರ ಕೋಲಿನಿಂದ ಬೆಲ್ಟನ್ನು ಪಕ್ಕದ ಸಡಿಲ ಪುಲ್ಲಿಗೆ ತಳ್ಳಿದರು. ಗಾಣ ನಿಂತಿತು, ಎಂಜಿನ್ ಟುಕು ಟುಕು ಅನ್ನುತ್ತಲೇ ಇತ್ತು. ಮಾವ ಬಗ್ಗಿ ಸಿಪ್ಪೆ ಕೀಳುತ್ತಿದ್ದರು. ಬೆಲ್ಟು ತಾನಾಗಿ ನಿಧಾನಕ್ಕೆ ವಾಪಸ್ಸು ಸರಿಯಿತು. ಯಾರೂ ಮುಟ್ಟಲಿಲ್ಲ, ಅದು ನನ್ನ ಕಣ್ಣಿಗೆ ಕಾಣುತ್ತಲೇ ಇತ್ತು, ಆದರೆ ಅದರ ಅರ್ಥ ಏನೆಂದು ನನಗೆ ಗೊತ್ತಿರಲಿಲ್ಲ. ಚಕ್ರ ತಿರುಗಿದ್ದು ಅರ್ಧ ಸುತ್ತು ಇರಬಹುದು. ಬಲಗೈಯ ಮೂರು ಬೆರಳು ಹೋದವು. ಕೈ ಬಿಡಿಸುವುದಕ್ಕೆ ಎಂಜಿನ್ ನಿಲ್ಲಿಸಿ, ನಾಲ್ಕು ಜನ ಸೇರಿ ಗಾಣವನ್ನು ಹಿಂದಕ್ಕೆ ತಿರುಗಿಸಬೇಕಾಯಿತು. ನೋಡುತ್ತಾ ನಿಂತಿದ್ದವನು ಒಂದು ಕೂಗು ಹಾಕಲಿಲ್ಲವಲ್ಲ ಎಂಬುದು ಈಗಲೂ ನನ್ನನ್ನು ಬಿಟ್ಟಿಲ್ಲ. ಮಾವ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ.

ಹಾಗಾದರೆ ಬೆಲ್ಟು ಏಕೆ ಬಂತು, ಏಕೆ ಸರಿಯಿತು ಎಂದು ಹೇಳುತ್ತೇನೆ. ಹಲ್ಲಿಗಿಂತ ಬೆಲ್ಟು ಒಳ್ಳೆಯದು ಎಂದೇ ಅದು ಬಂದದ್ದು. ಹಲ್ಲುಚಕ್ರಗಳನ್ನು ಓಡುವಾಗ ಜೋಡಿಸಲು ಆಗದು. ಬೆಲ್ಟು ಜಾರುತ್ತದೆ, ಆದ್ದರಿಂದ ಓಡುವಾಗಲೇ ಮೆಲ್ಲಗೆ ಜೋಡಿಸಬಹುದು. ಅಮೆರಿಕಾದ ಲೋವೆಲ್ ಊರಿನ ಬಟ್ಟೆ ಮಿಲ್ಲಿನಲ್ಲಿ 1828ರಲ್ಲಿ ಪಾಲ್ ಮೂಡಿ ಎಂಬುವನು ಹಲ್ಲುಚಕ್ರದ ಬದಲು ಚರ್ಮದ ಬೆಲ್ಟು ಹಾಕಿ ಗೆದ್ದ. ನಮ್ಮ ಬೆಂಗಳೂರಿನಲ್ಲೂ 1884ರಲ್ಲಿ ಶುರುವಾದ ಉಣ್ಣೆ, ಹತ್ತಿ, ರೇಷ್ಮೆ ಮಿಲ್ಲು, ಅಂದರೆ ನಾವು ಬಿನ್ನಿ ಮಿಲ್ಲು ಅನ್ನುತ್ತಿದ್ದದ್ದು, ಆ ಕಾಲದ ಮಿಲ್ಲೇ. ಅಂಥ ಮಿಲ್ಲುಗಳಲ್ಲಿ ಒಂದು ಎಂಜಿನ್ನಿನ ಬಲ ಸೂರಿನ ಶಾಫ್ಟಿನಿಂದ ಬೆಲ್ಟುಗಳ ಮೂಲಕ ಮಗ್ಗಗಳಿಗೆ ಇಳಿಯುತ್ತಿತ್ತು.

ಪ್ರತಿ ಯಂತ್ರದ ದಂಡದ ಮೇಲೂ ಎರಡು ಪುಲ್ಲಿ. ಒಂದು ದಂಡಕ್ಕೆ ಕೀಲಿ ಹಾಕಿ ಬಿಗಿದದ್ದು, ಇನ್ನೊಂದು ಸುಮ್ಮನೆ ದಂಡದ ಮೇಲೆ ಸುತ್ತುವುದು. ಬೆಲ್ಟು ಬಿಗಿ ಪುಲ್ಲಿಯ ಮೇಲಿದ್ದರೆ ಯಂತ್ರ ಓಡುತ್ತದೆ, ಸಡಿಲ ಪುಲ್ಲಿಯ ಮೇಲಿದ್ದರೆ ನಿಲ್ಲುತ್ತದೆ. ಸರಿಸುವುದಕ್ಕೆ ಕವಲುಗೋಲು ಎಂಬ ಕಬ್ಬಿಣದ ಎರಡು ಬೆರಳಿನ ಸಾಧನ. ಇದನ್ನು ಬೆಲ್ಟು ಪುಲ್ಲಿಯ ಮೇಲೆ ಏರುವ ಕಡೆಗೆ ಇಡಬೇಕು. ಇಳಿಯುವ ಕಡೆ ಎಷ್ಟು ತಳ್ಳಿದರೂ ಬೆಲ್ಟು ಸರಿಯದು, ಬರೀ ಅಂಚು ಸವೆಯುತ್ತದೆ. ಕವಲಿಗೆ ಒಂದು ಗೂಟ ಅಥವಾ ಕೊಂಡಿ ಹಾಕಿ ಜಾಗ ಬಿಟ್ಟು ಕದಲದಂತೆ ಮಾಡಬೇಕು. ಎರಡು ಶಾಫ್ಟು ಸಮವಾಗಿಲ್ಲದಿದ್ದರೆ, ಎಂಜಿನ್ ಅದುರುತ್ತಿದ್ದರೆ, ಬೆಲ್ಟು ತೆವಳಿಕೊಂಡು ಬಿಗಿ ಪುಲ್ಲಿಗೆ ಬಂದೇ ಬರುತ್ತದೆ. ಮಾವನ ಆಲೆಮನೆಯಲ್ಲಿ ಎರಡು ಪುಲ್ಲಿಯೂ ಇದ್ದವು, ಕವಲುಗೋಲೂ ಇಲ್ಲ ಕೊಂಡಿಯೂ ಇಲ್ಲ, ಬಿದಿರ ಕೋಲು. ಇನ್ನೊಂದು ಮಾತು, ಸಡಿಲ ಪುಲ್ಲಿಗೆ ಎಣ್ಣೆ ಬಿಡದಿದ್ದರೆ ಅದೇ ದಂಡಕ್ಕೆ ಹಿಡಿದುಕೊಂಡು ಯಂತ್ರವನ್ನು ತಿರುಗಿಸಿಬಿಡುತ್ತದೆ. ಕೆಲಸ ಮಾಡದ ಪುಲ್ಲಿಗೆ ಎಣ್ಣೆ ಯಾಕೆ ಅನ್ನುವವರು ನಮ್ಮಲ್ಲೂ ಇದ್ದರು.

ಇದೆಲ್ಲ ಹೊಸ ವಿಷಯವಲ್ಲ. ಇಂಗ್ಲೆಂಡಿನಲ್ಲಿ 1844ರಲ್ಲೇ ಕಾನೂನು ಬಂತು. ಮಿಲ್ಲಿನ ಚಕ್ರ, ಶಾಫ್ಟುಗಳಿಗೆ ಭದ್ರವಾದ ಬೇಲಿ ಹಾಕಬೇಕು, ಓಡುತ್ತಿರುವಾಗ ಮಕ್ಕಳ ಕೈಲಿ ಅವನ್ನು ಒರೆಸಿಸಬಾರದು. ಮಾಲೀಕರು ಸುಮ್ಮನಿರಲಿಲ್ಲ. ಏಳಡಿ ಎತ್ತರದಲ್ಲಿರುವ ಶಾಫ್ಟಿಗೆ ಬೇಲಿ ಯಾಕೆ ಎಂದು ವಾದಿಸಿದರು. ಎತ್ತರದ ಶಾಫ್ಟಿಗೇ ಬೆಲ್ಟು ಸುತ್ತಿಕೊಂಡು ಆಳನ್ನು ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. 1855ರಲ್ಲಿ ಮಾಲೀಕರು ಮ್ಯಾಂಚೆಸ್ಟರಿನಲ್ಲಿ ಒಂದು ಸಂಘವನ್ನೇ ಕಟ್ಟಿದರು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ತನ್ನ ಪತ್ರಿಕೆಯಲ್ಲಿ ಅವರನ್ನು ಚೆನ್ನಾಗಿ ಝಾಡಿಸಿದ. ಆದರೂ 1856ರಲ್ಲಿ ಕಾನೂನು ಸಡಿಲವಾಯಿತು. ಸಂಘ ಕಟ್ಟಿದವರೆಲ್ಲ ನಮ್ಮ ಹಾಗೆ ಒಳ್ಳೇದಕ್ಕೇ ಕಟ್ಟುತ್ತಾರೆ ಎನ್ನುವ ಹಾಗಿಲ್ಲ.

ನಮ್ಮ ದೇಶದ ಕಾನೂನಿನ ಚರಿತ್ರೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದು ಲೆಕ್ಕ. 1881ರ ಮೊದಲ ಕಾರ್ಖಾನೆ ಕಾನೂನು 100 ಜನ ದುಡಿಯುವ ಕಡೆಗೆ ಮಾತ್ರ ಅನ್ವಯ. 1891ರಲ್ಲಿ ಅದು 50 ಆಯಿತು, 1922ರಲ್ಲಿ 20 ಆಯಿತು. ಇವೆಲ್ಲ ಬ್ರಿಟಿಷ್ ಇಂಡಿಯಾದ ಕಾನೂನು, ನಮ್ಮ ಮೈಸೂರು ಸಂಸ್ಥಾನಕ್ಕೆ ತಾನಾಗಿ ನಡೆಯುತ್ತಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾನೂನು ವಿದ್ಯುತ್ ಅಥವಾ ಎಂಜಿನ್ ಬಳಸುವ ಕಡೆ ಈ ಸಂಖ್ಯೆಯನ್ನು 10ಕ್ಕೆ ಇಳಿಸಿತು. ಅದರ 24ನೇ ಕಲಮಿನಲ್ಲಿ ಕವಲುಗೋಲಿನ ವಿಷಯ ಸ್ಪಷ್ಟವಾಗಿ ಇತ್ತು. ಬೆಲ್ಟನ್ನು ಬಿಗಿ ಪುಲ್ಲಿಗೂ ಸಡಿಲ ಪುಲ್ಲಿಗೂ ಸರಿಸಲು ಸರಿಯಾದ ಸಾಧನ ಇರಬೇಕು, ಬೆಲ್ಟು ತೆವಳಿ ಬಿಗಿ ಪುಲ್ಲಿಗೆ ವಾಪಸ್ಸು ಬರದಂತೆ ಅದು ಇರಬೇಕು, ಬಿಚ್ಚಿದ ಬೆಲ್ಟು ಓಡುವ ಶಾಫ್ಟಿನ ಮೇಲೆ ಕೂತಿರಬಾರದು ಎಂದು. 26ನೇ ಕಲಮು ತಿರುಗುವ ದಂಡದ ಕೀಲಿ, ಬೋಲ್ಟುಗಳ ತಲೆ ಹೊರಗೆ ಚಾಚಬಾರದು ಎಂದಿತ್ತು. ಸೆರಗು, ಪಂಚೆ, ಟವೆಲ್ಲು ಸಿಕ್ಕಿಕೊಳ್ಳುವುದು ಅಲ್ಲೇ.

ಇದನ್ನು ನಾನು ಓದಿದ್ದು ನಿರ್ದೇಶಕನಾದ ಮೇಲೆ, ಒಂದು ತರಬೇತಿಯಲ್ಲಿ ಸಿಕ್ಕ ಪುಸ್ತಕದಲ್ಲಿ. ಬೆಲ್ಟು ತೆವಳುವುದು ನಮ್ಮ ಮಾವನ ಹಣೆಬರಹ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಅದು ನಾನು ಹುಟ್ಟುವುದಕ್ಕೆ ಮೂವತ್ತು ವರ್ಷ ಮೊದಲೇ ಸರ್ಕಾರದ ಪುಸ್ತಕದಲ್ಲಿ ಬರೆದಿಟ್ಟ ಮಾತು! ಆ ಆಲೆಮನೆಯಲ್ಲಿ ಇದ್ದದ್ದು ಏಳು ಜನ. ಹತ್ತಕ್ಕೆ ಮೂರು ಕಡಿಮೆ. ಇನ್ಸ್‌ಪೆಕ್ಟರು ಬರುವ ಪ್ರಶ್ನೆಯೇ ಇರಲಿಲ್ಲ. 2020ರ ಹೊಸ ಸಂಹಿತೆ ಆ ಹತ್ತನ್ನು ಮತ್ತೆ 20ಕ್ಕೆ ಏರಿಸಿತು. ನಮ್ಮ ಸಂಘದ ಮಿಲ್ಲಿನಲ್ಲಿ ಇರುವವರು ಇಬ್ಬರು. ಅಂದರೆ ಹಳ್ಳಿ ಮಿಲ್ಲಿಗೆ ಕಾನೂನು ಯಾವ ಕಾಲಕ್ಕೂ ಬಾಗಿಲವರೆಗೆ ಬಂದಿಲ್ಲ. ಒಕ್ಕಣೆ ಯಂತ್ರಗಳಲ್ಲಿ ರೈತರ ಕೈಗಳು ಬಹಳ ಹೋದ ಮೇಲೆ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾನೂನು ಬಂತು, ಅಷ್ಟು ಸಮಾಧಾನ.

ನಮ್ಮ ಸುತ್ತಮುತ್ತ ಈ ಶಿಸ್ತನ್ನು ತಂದವರು ಕಾರ್ಖಾನೆಗೆ ಹೋದ ನಮ್ಮ ಹುಡುಗರು. ಈಗ ಸಹಕಾರನಗರದ ಬಡಾವಣೆ ಇರುವ ಕಡೆ, ಕೊಡಿಗೇಹಳ್ಳಿ ಸುತ್ತ, ಆಗ ರಾಗಿ ಹೊಲ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ. ಶುರುವಾಗಿ ಲೇತ್ ಯಂತ್ರಗಳು ತಯಾರಾದವು. ಲೇತಿನ ಮೊದಲ ಪಾಠವೇ, ಚಕ್ಕು ಪೂರ್ತಿ ನಿಂತ ಮೇಲೆ ಗೇರಿನ ಹಿಡಿ ಬದಲಿಸು ಎಂಬುದು. ಎರಡು ಸಾವಿರ ವರ್ಷದ ನೀರಿನ ಮಿಲ್ಲಿನ ಪಾಠವೂ ಅದೇ. ಹಾಗೆ ಕೆಲಸ ಮಾಡಿ ನಿವೃತ್ತರಾದ ನಮ್ಮ ಸದಸ್ಯರೊಬ್ಬರು ಸಂಘದ ಮಿಲ್ಲಿಗೆ ಕವಲುಗೋಲು ಮಾಡಿಕೊಟ್ಟರು. ಕೂಲಿ ತೆಗೆದುಕೊಳ್ಳಲಿಲ್ಲ, ಒಂದು ಕಾಫಿ ಕುಡಿದು ಹೋದರು.

ಕರೆಂಟು ಬಂದ ಮೇಲೆ ಅಪಾಯ ಮುಗಿಯಿತು ಎಂದು ತಿಳಿಯಬೇಡಿ. ಸ್ಟಾರ್ಟರಿನೊಳಗೆ ಒಂದು ಕಾಯಿಲು ಇರುತ್ತದೆ. ಕರೆಂಟು ಹೋದರೆ ಅದು ಬಿಟ್ಟುಕೊಳ್ಳುತ್ತದೆ, ಕರೆಂಟು ಬಂದರೂ ಮತ್ತೆ ಒತ್ತುವವರೆಗೆ ಮೋಟಾರು ಓಡದು. ಬೋರ್‌ವೆಲ್ಲಿಗೆ ರಾತ್ರಿ ತ್ರೀಫೇಸ್ ಬಂದಾಗ ಎದ್ದು ಹೋಗುವ ಕಷ್ಟ ತಪ್ಪಲಿ ಎಂದು ನಾವೆಲ್ಲ ಆಟೋ ಸ್ಟಾರ್ಟರ್ ಹಾಕಿಸಿಕೊಂಡಿದ್ದೇವೆ. ಬಾವಿಗೆ ಅದು ಸರಿ. ಐದು ವರ್ಷದ ಹಿಂದೆ ಮಿಲ್ಲಿಗೂ ಅದನ್ನೇ ಹಾಕೋಣ, ಆಪರೇಟರಿಗೆ ಅನುಕೂಲ ಎಂಬ ಮಾತು ಮಂಡಳಿಯಲ್ಲಿ ಬಂತು. ಕರೆಂಟು ಹೋಗಿ ಕಲ್ಲು ನಿಂತಾಗಲೇ ಅಲ್ಲವೇ ಯಾರಾದರೂ ಒಳಗೆ ಕೈ ಹಾಕುವುದು? ನಾನು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು, "ಇವರ ಮಾವಂದು ಬೆರಳು ಹೋಯ್ತೂಂತ ಊರಿಗೆಲ್ಲ ಹೆದರಿಸ್ತಾರೆ" ಎಂದವರೂ ಉಂಟು. ಹೌದು, ಅದಕ್ಕೇ ಎಂದೆ. ಕೊನೆಗೆ ಹಳೇ ಸ್ಟಾರ್ಟರೇ ಉಳಿಯಿತು.

ಈಗ ನಮ್ಮ ಮಿಲ್ಲಿನಲ್ಲಿ ನಡೆಯುವ ಕ್ರಮ ಹೀಗೆ. ಅರ್ಧ ನಿಮಿಷದ ಕೆಲಸಕ್ಕೆ, ರಾಗಿ ಬದಲಿಸುವುದಕ್ಕೆ, ಕವಲುಗೋಲಿನಿಂದ ಬೆಲ್ಟು ಸರಿಸಿ ಕೊಂಡಿ ಹಾಕುತ್ತಾರೆ. ಕಲ್ಲು ಬಿಚ್ಚುವುದಿದ್ದರೆ, ಹಲ್ಲಿಗೆ ಗ್ರೀಸು ಹಚ್ಚುವುದಿದ್ದರೆ, ಬೆಲ್ಟಿನ ಮಾತೇ ಇಲ್ಲ. ಮೈನ್ ಸ್ವಿಚ್ಚು ತೆಗೆದು, ಫ್ಯೂಸ್ ಕಿತ್ತು ಆಪರೇಟರು ತನ್ನ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ, ಆಮೇಲೆ ದಂಡವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡುತ್ತಾರೆ. ಕೊಂಡಿ ಕಳೆದುಹೋಗುತ್ತಿತ್ತು, ಯಾರೋ ಎತ್ತಿನ ಮೂಗುದಾರಕ್ಕೋ ಗೇಟಿಗೋ ಒಯ್ಯುತ್ತಿದ್ದರು. ಹೋದ ವರ್ಷ ಅದಕ್ಕೊಂದು ಸರಪಳಿ ಹಾಕಿ ಗೋಡೆಗೇ ಬೆಸೆಸಿದ್ದೇವೆ. ಖರ್ಚು ಸಂಘದ ಲೆಕ್ಕಪತ್ರದಲ್ಲಿ ರಿಪೇರಿ ಬಾಬತ್ತಿನಲ್ಲಿ ಸೇರಿದೆ, ಸದಸ್ಯರು ನೋಡಬಹುದು.