ಹಸಿವಿಗೆ ಕತ್ತರಿ

ಆರು ವರ್ಷದ ಡಯಟ್ಟುಗಳೆಲ್ಲ ಕೈಕೊಟ್ಟ ಮೇಲೆ ತೂಕ ಇಳಿಸುವ ಸರ್ಜರಿ ಮಾಡಿಸಿಕೊಳ್ಳಲೋ ಬೇಡವೋ ಅಂತ ಯೋಚಿಸುತ್ತಿದ್ದೇನೆ. ಯಾವುದೇ ಟೂಲ್ ಬಳಸೋ ಮುಂಚೆ ಅದರ ಹಳೇ ವರ್ಷನ್‌ಗಳನ್ನ ಓದೋದು ನನ್ನ ಚಾಳಿ. ಇದನ್ನೂ ಓದಿದೆ.

1954ರಲ್ಲಿ ಅಮೆರಿಕದ ಮಿನ್ನೆಸೋಟಾದ ಕ್ರೆಮೆನ್, ಲಿನ್ನರ್ ಎಂಬ ಸರ್ಜನ್ನರು ಸಣ್ಣ ಕರುಳಿನ ಬಹುಭಾಗವನ್ನ ಬೈಪಾಸ್ ಮಾಡುವ ದಾರಿ ತೋರಿಸಿದರು. ತಿಂದದ್ದು ಮೈಗೆ ಹತ್ತದೆ ತೂಕವೇನೋ ಇಳೀತು. ಆದರೆ ಭೇದಿ, ಕಿಡ್ನಿ ಕಲ್ಲು, ಲಿವರ್ ಹಾನಿ ಬೆನ್ನು ಹತ್ತಿದವು. ಕೊನೆಗೆ ಆ ವಿಧಾನವನ್ನೇ ಕೈಬಿಟ್ಟರು.

ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರು ದಪ್ಪ ಆಗೋದು ಕಷ್ಟ ಅನ್ನೋದನ್ನ ಅಯೋವಾದ ಎಡ್ವರ್ಡ್ ಮೇಸನ್ ಗಮನಿಸಿದ್ದರು. ಅದರಿಂದ 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಹುಟ್ಟಿತು.

ಚೀಲ ಸಣ್ಣದಾದರೆ ಊಟ ಕಡಿಮೆ, ಲೆಕ್ಕ ಅಷ್ಟೇ ಅನ್ನಿಸುತ್ತೆ. ಆದರೆ 1999ರಲ್ಲಿ ಜಪಾನಿನ ಕೊಜಿಮಾ ತಂಡ ಗ್ರೆಲಿನ್ ಕಂಡುಹಿಡಿಯಿತು. ಇದು ಹಸಿವು ಹುಟ್ಟಿಸುವ ಹಾರ್ಮೋನು, ಹೆಚ್ಚಾಗಿ ಜಠರದಲ್ಲೇ ತಯಾರಾಗುತ್ತೆ. ಡಯಟ್ ಮಾಡಿ ತೂಕ ಇಳಿಸಿದರೆ ಇದು ಏರುತ್ತೆ. ಜಠರದ ಸುಮಾರು ಮುಕ್ಕಾಲು ಭಾಗ ತೆಗೆಯುವ ಸ್ಲೀವ್ ಸರ್ಜರಿಯಲ್ಲಿ ಇಳಿಯುತ್ತೆ.

ದಪ್ಪಗಿರೋನಿಗೆ ನಮ್ಮೂರಲ್ಲಿ 'ಬಾಯಿ ಕಟ್ಟೋಕಾಗಲ್ವೇನೋ' ಅಂತಾರೆ. ಬಾಯಿ ಕಟ್ಟಿದಷ್ಟೂ ಹೊಟ್ಟೆ ಜೋರಾಗಿ ಕೂಗುತ್ತೆ ಅನ್ನೋದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ.

ಹಾಗಂತ ಕತ್ತರಿ ಪವಾಡವಲ್ಲ. ಜೀವನಪೂರ್ತಿ ವಿಟಮಿನ್ ಮಾತ್ರೆ, ರಕ್ತಪರೀಕ್ಷೆ ತಪ್ಪಲ್ಲ. ತೆಗೆದ ಜಠರಕ್ಕೆ ರೋಲ್‌ಬ್ಯಾಕ್ ಇಲ್ಲ. ಅದಕ್ಕೇ ದಿನ ಇನ್ನೂ ಗೊತ್ತು ಮಾಡಿಲ್ಲ. ಮಾಡಿದರೂ ಅದನ್ನ ಸೋಲು ಅಂತ ಮಾತ್ರ ಕರೆಯಲ್ಲ.